ಇಳಿದರೆ ನಿಲ್ಲುವ ಸದ್ದು

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಬೈರಯ್ಯನಿಗೆ ಕಣ್ಣಿಗಿಂತ ಕಿವಿ ಚುರುಕು. ಯಾರದಾದರೂ ಸೈಕಲ್ಲು ಬೀದಿಯ ತಿರುವಿನಲ್ಲಿ ಇರುವಾಗಲೇ, ಕೈಯಲ್ಲಿದ್ದ ಟ್ಯೂಬಿನಿಂದ ತಲೆ ಎತ್ತದೆ, "ಚೈನು ಒಣಗೈತೆ, ಒಂದು ತೊಟ್ಟು ಎಣ್ಣೆ ಬುಡಬಾರ್ದಾ" ಎನ್ನುತ್ತಿದ್ದ. ಸೈಕಲ್ಲಿನವನು ಇಳಿದು ನೋಡಿದರೆ ಚೈನು ಒಣಗಿಯೇ ಇರುತ್ತಿತ್ತು. ಇದು ಕೆಲವರಿಗೆ ಮೋಜು, ಕೆಲವರಿಗೆ ಉರಿ. ಕೇಳದೆ ಹೇಳುವವನನ್ನು ಯಾರು ತಾನೇ ಮೆಚ್ಚುತ್ತಾರೆ? ಆದರೂ ಸೈಕಲ್ ಕೆಟ್ಟರೆ ಅವನ ಹತ್ತಿರವೇ ಬರುತ್ತಿದ್ದರು. ಆ ಕಿವಿ ತಪ್ಪಿದ್ದನ್ನು ಊರು ಕಂಡದ್ದು ಒಂದೇ ಸಲ, ಆ ಸಲ ಅವನ ಬದುಕೇ ಅಲ್ಲಾಡಿಹೋಗುವುದರಲ್ಲಿತ್ತು.

ಅವನು ಹುಟ್ಟಿದ್ದು ಹಳೇಕೋಟೆಯ ಕೇರಿಯಲ್ಲಿ. ಅಪ್ಪ ಬೋರಪ್ಪ ಊರಿನ ತೋಟಿ ಕೆಲಸ ಮಾಡಿಕೊಂಡು, ಕಂಡವರಿಗೆಲ್ಲ "ಬುದ್ದಿ" ಎಂದು ಬಾಗಿ ಬಾಗಿ ಬೆನ್ನನ್ನೇ ಗೂನು ಮಾಡಿಕೊಂಡವನು. ಮಗನಿಗೆ ಅದು ಬೇಡವಾಗಿತ್ತು. ಮೀಸೆ ಮೂಡುವ ವಯಸ್ಸಿಗೆ ಹಾಸನಕ್ಕೆ ಹೋಗಿ ಒಂದು ಸೈಕಲ್ ಅಂಗಡಿ ಸೇರಿದ. ಗಾಳಿ ಹೊಡೆಯುವುದರಿಂದ ಶುರು ಮಾಡಿ ಚಕ್ರ ಕಟ್ಟುವವರೆಗೆ ಕಲಿತ. ಕಸುಬಿನ ಜೊತೆಗೆ ಹಾಸನದಿಂದ ಅವನು ತಂದ ಇನ್ನೊಂದು ಸಂಪತ್ತೆಂದರೆ "ಸಾ" ಎನ್ನುವ ಮಾತು. "ಬುದ್ದಿ" ಎಂದರೆ ಬೆನ್ನು ತಾನಾಗಿ ಬಾಗುತ್ತದೆ, "ಸಾ" ಎನ್ನುವುದನ್ನು ನೆಟ್ಟಗೆ ನಿಂತೇ ಅನ್ನಬಹುದು ಎಂಬುದು ಅವನ ಎಣಿಕೆ. ಆ ಒಂದು ಅಕ್ಷರವನ್ನು ಅವನು ಜೋಪಾನವಾಗಿ ಬಳಸುತ್ತಿದ್ದ.

ಪೇಟೆ ಬೀದಿಯಲ್ಲಿ ಅವನಿಗೆ ಜಾಗ ಕೊಟ್ಟವರು ಕೊಬ್ಬರಿ ಮಂಡಿಯ ಈಶ್ವರಯ್ಯನವರು. ಮಂಡಿಯ ಪಕ್ಕದ ಗೋಡೆಗೆ ತಗಡು ಇಳಿಸಿ, "ಇಲ್ಲಿ ಕೂತ್ಕೋ, ಯಾರು ಏನಂತಾರೋ ನಾನು ನೋಡ್ಕೋತೀನಿ" ಎಂದಿದ್ದರು. ಅಲ್ಲಿಯವರೆಗೆ ಕೇರಿಯವನೊಬ್ಬ ಆ ಬೀದಿಯಲ್ಲಿ ಅಂಗಡಿ ಇಟ್ಟಿರಲಿಲ್ಲ. ಈಶ್ವರಯ್ಯ ಖಾದಿ ತೊಡುವವರು, ಸಭೆಗಳಲ್ಲಿ ಮಾತಾಡುವವರು. ಹೇಳಿಕೊಳ್ಳುವಂಥ ಉಪಕಾರವೇ ಸರಿ, ಅವರೂ ಸಭೆ ಸಿಕ್ಕಿದಲ್ಲೆಲ್ಲ ಹೇಳಿಕೊಳ್ಳುತ್ತಿದ್ದರು. ಬೈರಯ್ಯನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಮಾಡಿದವರು ಹೇಳಿಕೊಳ್ಳಲಿ, ಮಾಡದವರೇ ತುಂಬಿದ್ದಾರಲ್ಲ ಎಂದುಕೊಂಡಿದ್ದ. ನಿಜ ಹೇಳಬೇಕೆಂದರೆ, ಈಶ್ವರಯ್ಯನವರ ಮೇಲೆ ಅವನಿಗೆ ಅಪ್ಪನ ಮೇಲಿಲ್ಲದ ಅಭಿಮಾನವಿತ್ತು.

ಅವರ ಹತ್ತಿರ ಇಂಗ್ಲೆಂಡಿನಿಂದ ಬಂದ ಸೈಕಲ್ಲೊಂದಿತ್ತು. ಕೊಬ್ಬರಿ ಕೊಳ್ಳಲು ಬಾಗೂರು, ಚನ್ನರಾಯಪಟ್ಟಣದ ಕಡೆಗೆಲ್ಲ ಅದರಲ್ಲೇ ಹೋಗುತ್ತಿದ್ದರು. ಬೈರಯ್ಯ ಅಂಗಡಿಯಿಟ್ಟ ಮೇಲೆ ಬಂದ ಮೊದಲ ಆಯುಧಪೂಜೆಗೆ ಅದನ್ನು ತಂದು ಅವನ ಮುಂದೆ ನಿಲ್ಲಿಸಿ, "ಪೂರ್ತಿ ಬಿಚ್ಚಿ ಕಟ್ಟಿಬಿಡು ಬೈರ. ದೇವರ ಮುಂದೆ ನಿಲ್ಲೋ ಸಾಮಾನು" ಎಂದರು. ಬೈರಯ್ಯ ಅದನ್ನು ಕೂಸಿಗೆ ಎಣ್ಣೆ ಹಚ್ಚುವ ಹಾಗೆ ನೋಡಿಕೊಂಡ. ಗಾಡಿ ಚಕ್ರಕ್ಕೆ ಗುಂಬ ಇರುವಂತೆ ಸೈಕಲ್ ಚಕ್ರದ ನಡುವೆ ಹಬ್ ಇರುತ್ತದೆ. ಅದರೊಳಗೆ ಎರಡೂ ಕಡೆ ಉಕ್ಕಿನ ಸಣ್ಣ ಗುಂಡುಗಳು ಉರುಳುತ್ತಿದ್ದರೆ ಚಕ್ರ ತಿರುಗುತ್ತದೆ. ಹಿಂದಿನ ಹಬ್ಬನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗುಂಡುಗಳನ್ನು ಒಂದೊಂದಾಗಿ ಒರೆಸಿ, ಹೊಸ ಗ್ರೀಸು ತುಂಬಿ ಕಟ್ಟಿದ. ಕಟ್ಟಿ ಚಕ್ರವನ್ನು ಒಮ್ಮೆ ಬೆರಳಿನಿಂದ ತಳ್ಳಿದರೆ ಅದು ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಆಳು ಬಂದು ಸೈಕಲ್ಲನ್ನು ಹಿತ್ತಿಲ ದಾರಿಯಿಂದ, ಮಂಡಿಗೇ ಅಂಟಿಕೊಂಡಿದ್ದ ಅವರ ಮನೆಯೊಳಕ್ಕೆ ತಳ್ಳಿಕೊಂಡು ಹೋದ. ಆ ಹಿತ್ತಿಲನ್ನು ಬೈರಯ್ಯ ಯಾವತ್ತೂ ಕಂಡವನಲ್ಲ.

ದೀಪಾವಳಿ ಕಳೆದ ಮೇಲೆ ಸದ್ದು ಶುರುವಾಯಿತು.

ಮೊದಲಿಗೆ ಹಲ್ಲು ಕಡಿದಂತೆ ಕರಕರ. ಆಮೇಲೆ ಗಡಗಡ. ಹಿಂದಿನ ಚಕ್ರದ ಕಡೆಯಿಂದಲೇ ಬರುತ್ತಿತ್ತು, ಆದರೆ ಎಲ್ಲಿಂದ ಎಂದು ಹೇಳುವಂತಿರಲಿಲ್ಲ. ಬೈರಯ್ಯ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚಕ್ರ ತಿರುಗಿಸಿದ. ಸದ್ದಿಲ್ಲ. ಮಡ್‌ಗಾರ್ಡಿನ ಒಂದು ನಟ್ಟು ಸ್ವಲ್ಪ ಸಡಿಲವಿತ್ತು, ಅದನ್ನು ಬಿಗಿದು, "ಇದೇ ಸಾ, ಇನ್ನು ಬರಾಕಿಲ್ಲ" ಎಂದ. ಈಶ್ವರಯ್ಯ ಹತ್ತಿ ಹೊರಟರು. ಬೀದಿಯ ತಿರುವು ಮುಟ್ಟುವ ಮೊದಲೇ ಗಡಗಡ ಕೇಳಿಸಿತು. ಮುಂದಿನ ಸಲ ಕಡ್ಡಿಗಳನ್ನೆಲ್ಲ ಮೀಟಿ ಮೀಟಿ ನೋಡಿ ಬಿಗಿದ. ಕ್ಯಾರಿಯರ್ ಕಳಚಿ ಮತ್ತೆ ಕೂರಿಸಿದ. ಮತ್ತೆ ಅದೇ ಗಡಗಡ. ಚೈನು, ಫ್ರೀವೀಲು, ಸ್ಟ್ಯಾಂಡು ಎಲ್ಲ ಆಯಿತು. ಹಬ್ ಒಂದನ್ನು ಬಿಟ್ಟು ಎಲ್ಲವನ್ನೂ ಮುಟ್ಟಿ ನೋಡಿದ. ಅದನ್ನು ತಾನೇ ತನ್ನ ಕೈಯಾರೆ ಕಟ್ಟಿದ್ದು, ಅದರಲ್ಲಿ ಏನೂ ಇರಲು ಸಾಧ್ಯವಿಲ್ಲ ಎಂಬುದು ಅವನ ಹಟ. ಊರಿನ ಸೈಕಲ್ಲುಗಳ ಗುಟ್ಟೆಲ್ಲ ಬಲ್ಲ ಕಿವಿ ತನ್ನ ಕೆಲಸದ ವಿಷಯಕ್ಕೆ ಬಂದಾಗ ಕಿವುಡಾಗಿತ್ತು.

ಮಂಡಿಯ ಮುಂದೆ ಕೂರುವವರಿಗೆ ಇದು ಒಳ್ಳೆಯ ಮಾತಾಯಿತು. ಬೈರಯ್ಯ ಪಂಪು ಹಿಡಿದು ಎದ್ದರೆ ಸಾಕು, ಯಾರಾದರೊಬ್ಬರು ಬಾಯಲ್ಲೇ "ಗಡಗಡ" ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ಒಂದು ದಿನ ಮಾತ್ರ ನಗು ನಿಂತುಹೋಯಿತು. ಅಂದು ಈಶ್ವರಯ್ಯನವರ ಭಾವಮೈದ, ಅರಕಲಗೂಡಿನ ಬಟ್ಟೆ ವ್ಯಾಪಾರಿ ಚಂದ್ರಶೇಖರಯ್ಯ, ಊರಿಗೆ ಬಂದಿದ್ದವರು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಭಾವ, ನಿಮಗೆ ಇದೆಲ್ಲ ಗೊತ್ತಾಗಲ್ಲ," ಎಂದರು ಅವರು, ಬೈರಯ್ಯ ಪಕ್ಕದಲ್ಲೇ ಇದ್ದಾನೆ ಎಂಬ ಸಂಕೋಚವಿಲ್ಲದೆ. "ನಮ್ಮ ಕಡೆ ಒಬ್ಬ ಹಿಂಗೇ ಮಾಡ್ತಿದ್ದ. ಸೈಕಲ್ ಬಿಚ್ಚಿಸೋಕೆ ಕೊಟ್ರೆ ಸಾಕು, ಇಂಗ್ಲೆಂಡಿನ ಗುಂಡು ತಕ್ಕೊಂಡು ನಾಟಿ ಗುಂಡು ತುಂಬಿ ಕಳಿಸೋನು. ಪೂಜೆಗೆ ಮುಂಚೆ ಇಲ್ಲದ ಸದ್ದು ಇವನು ಬಿಚ್ಚಿದ ಮೇಲೆ ಎಲ್ಲಿಂದ ಬಂತು ಹೇಳಿ?"

ಬೈರಯ್ಯನ ಕೈಯಲ್ಲಿದ್ದ ಸ್ಪ್ಯಾನರು ಹಾಗೇ ನಿಂತಿತು. "ನಾನು ಅಂಗೆ ಮಾಡೋನಲ್ಲ ಸಾ," ಎಂದ. ಅವನು ಹೇಳಿದ್ದು ಚಂದ್ರಶೇಖರಯ್ಯನವರಿಗಲ್ಲ, ಈಶ್ವರಯ್ಯನವರಿಗೆ.

ಈಶ್ವರಯ್ಯ ಕೂಡಲೇ "ಛೆ, ಅವನು ಅಂಥವನಲ್ಲ" ಎನ್ನುತ್ತಾರೆ ಎಂದು ಅವನು ಕಾದ. ಅವರು ಎಲೆಯ ತೊಟ್ಟು ಮುರಿದು ಅದರ ಬೆನ್ನಿಗೆ ಸುಣ್ಣ ಸವರಿದರು.

"ನೀನು ಕದ್ದೆ ಅಂತ ನಾನು ಹೇಳ್ತಾ ಇಲ್ಲ ಬೈರ," ಎಂದರು ಕೊನೆಗೆ. "ಆದ್ರೆ ಊರಿಗೆಲ್ಲ ಸದ್ದು ಎಲ್ಲಿಂದ ಅಂತ ಹೇಳೋನು ನನಗೆ ಮಾತ್ರ ಹೇಳ್ತಾ ಇಲ್ಲವಲ್ಲ. ಸಂತೆ ದಿನದವರೆಗೆ ನೋಡ್ತೀನಿ. ಅಷ್ಟರಲ್ಲಿ ಎಲ್ಲಿಂದ ಬರ್ತಿದೆ ಅಂತ ತೋರಿಸು. ಇಲ್ಲ ಅಂದ್ರೆ ಸಾಮಾನು ಕಟ್ಟಿಬಿಡು. ನಿನಗೆ ಜಾಗ ಕೊಟ್ಟಿದ್ದಕ್ಕೆ ನಾನು ಎಷ್ಟು ಜನರ ಹತ್ತಿರ ಮಾತು ಕೇಳಿದ್ದೀನಿ, ನಿನಗೂ ಗೊತ್ತು."

ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಗೊತ್ತಿತ್ತು. ಕಳ್ಳ ಎನ್ನಿಸಿಕೊಂಡು ಇಲ್ಲಿಂದ ಎದ್ದರೆ ಹಾಸನದಲ್ಲಿ, ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದಲ್ಲಿ ಎಲ್ಲೂ ಅವನನ್ನು ಯಾರೂ ಕೂರಿಸಿಕೊಳ್ಳುವುದಿಲ್ಲ. ಅವನ ಹಿಂದೆ ಕೇರಿಯಿಂದ ಇನ್ನು ಯಾರಾದರೂ ಪೇಟೆಯಲ್ಲಿ ಜಾಗ ಕೇಳಲು ಬಂದರೆ, "ಒಬ್ಬನಿಗೆ ಕೊಟ್ಟು ನೋಡಿದ್ದೀವಲ್ಲ" ಎನ್ನಲು ಒಂದು ನೆಪ ಸಿಕ್ಕುತ್ತದೆ. ಅಪ್ಪನ ಹಾಗೆ ಮತ್ತೆ ಬಾಗಬೇಕಾಗುತ್ತದೆ. ಅವನಿಗೆ ಭಯವಾಯಿತು.

ಸಂಜೆ ಹೆಂಡತಿ ಮಾಯಮ್ಮ ಮುದ್ದೆ ಬಡಿಸಿ ಎದುರಿಗೆ ಕೂತಳು. ಅವನು ಮುದ್ದೆಯನ್ನು ಮುರಿಯುತ್ತಿದ್ದನೇ ಹೊರತು ಬಾಯಿಗಿಡುತ್ತಿರಲಿಲ್ಲ.

"ಎಲ್ಲಾನೂ ನೋಡ್ದೆ ಅಂತೀಯ. ಆ ನಡೂ ಮದ್ಯದ್ದು ಬಿಚ್ಚಿ ನೋಡ್ದಾ?" ಎಂದು ಕೇಳಿದಳು.

"ಅದು ನಾನೇ ಕಟ್ಟಿದ್ದು ಕಣಮ್ಮಿ. ಅದ್ರಲ್ಲಿ ಏನೂ ಇರಾಕಿಲ್ಲ."

"ಏನೂ ಇಲ್ದಿದ್ರೆ ಬಿಚ್ಚಾಕೇನು ಭಯ?"

ಅವನು ಮುದ್ದೆಯನ್ನು ತಟ್ಟೆಗೆ ಹಾಕಿದ. "ಈಗ ನಾನೊಬ್ನೇ ಬಿಚ್ಚಿದ್ರೆ, ಕದ್ದ ಗುಂಡ ತಿರುಗಾ ಹಾಕ್ಬುಟ್ಟ ಅಂತಾರೆ. ಎಲ್ಲಾರ ಮುಂದೆ ಬಿಚ್ಚಿದ್ರೆ, ಒಳಗೆ ಏನಾರ ಆಗಿದ್ರೆ ಕದ್ದೋನೇ ಇವ್ನು ಅಂತಾರೆ. ಅದ್ರಿಂದ್ಲೇ ಸದ್ದು ಬತ್ತೈತೆ ಅಂತ ಗ್ಯಾರಂಟಿ ಆಗ್ದೆ ನಾನು ಅದಕ್ಕೆ ಕೈ ಹಾಕಾಕಾಯ್ತದಾ?"

ಮಾಯಮ್ಮ ತಟ್ಟೆಯನ್ನು ಅವನ ಕಡೆಗೆ ಇನ್ನಷ್ಟು ಸರಿಸಿದಳು.

ಸಂತೆಯ ದಿನ ಬೆಳಿಗ್ಗೆ ಈಶ್ವರಯ್ಯನವರ ಆಳಿಗೆ ಹೇಳಿ ಸೈಕಲ್ ತೆಗೆದುಕೊಂಡು ಹಳೇಕೋಟೆಯ ದಾರಿ ಹಿಡಿದ. ಸದ್ದನ್ನು ಅದು ಹುಟ್ಟುವ ಕಡೆಯೇ ಹಿಡಿಯಬೇಕು ಎಂದು ಹೊರಟವನು. ಹತ್ತಿ ಕೂತದ್ದೇ ಗಡಗಡ. ತುಳಿಯುವುದು ನಿಲ್ಲಿಸಿದ, ಸದ್ದು ನಿಲ್ಲಲಿಲ್ಲ. ಹಾಗಾದರೆ ಚೈನಲ್ಲ. ಒಂದು ಕೈ ಹಿಂದಕ್ಕೆ ಚಾಚಿ ಮಡ್‌ಗಾರ್ಡನ್ನು ಅಮುಕಿ ಹಿಡಿದ, ಸದ್ದು ನಿಲ್ಲಲಿಲ್ಲ. ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. ಎದುರಿಗೆ ಬಂದ ಗಾಡಿಯವನು, "ಏನ್ಲಾ ಬೈರ, ಬೆಳಿಗ್ಗೇನೇ ಏರಿಸ್ಬುಟ್ಟಾ?" ಎಂದು ನಕ್ಕ. ಬೈರಯ್ಯನ ಕಿವಿಗೆ ಆ ಮಾತು ಬೀಳಲಿಲ್ಲ. ಅದರಲ್ಲಿ ಗಡಗಡ ಒಂದೇ ತುಂಬಿಕೊಂಡಿತ್ತು.

ದಾರಿಯಲ್ಲಿ ಒಂದು ಸಣ್ಣ ಊರು. ರಸ್ತೆ ಊರ ನಡುವೆಯೇ ಹಾಯುತ್ತದೆ. ಮೊದಲ ಮನೆ ಬರುತ್ತಿದ್ದಂತೆ ಅವನು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ನಡೆದ. ಕೇರಿಯವರು ಊರೊಳಗೆ ಸೈಕಲ್ ಹತ್ತಿ ಹೋಗುವಂತಿರಲಿಲ್ಲ. ಸ್ವಾತಂತ್ರ್ಯ ಬಂದಿತ್ತು, ಕಾನೂನು ಬಂದಿತ್ತು, ಈಶ್ವರಯ್ಯನವರ ಭಾಷಣದಲ್ಲಿ ಎರಡೂ ಬರುತ್ತಿದ್ದವು. ಆದರೆ ಜಗಲಿಯ ಮೇಲೆ ಕೂತವರ ಕಣ್ಣಿಗೆ ಅವೆರಡೂ ಇನ್ನೂ ಕಂಡಿರಲಿಲ್ಲ. ಇಳಿಯಬೇಕೆಂದು ಬೈರಯ್ಯ ಯೋಚಿಸಿಯೂ ಇರಲಿಲ್ಲ. "ಸಾ" ಎನ್ನುವುದನ್ನು ನಾಲಗೆ ಕಲಿತಿತ್ತು, ಕಾಲು ಇನ್ನೂ ಅಪ್ಪನ ಕಾಲೇ ಆಗಿತ್ತು.

ಊರು ಅರ್ಧ ದಾಟಿದ ಮೇಲೆ ಅವನಿಗೆ ಹೊಳೆಯಿತು. ಗಡಗಡ ಇಲ್ಲ.

ಊರು ಮುಗಿದ ಮೇಲೆ ಹತ್ತಿದ. ಗಡಗಡ. ಇಳಿದ. ಇಲ್ಲ. ಮತ್ತೆ ಹತ್ತಿದ, ಮತ್ತೆ ಇಳಿದ. ನೆಲವೂ ಅದೇ, ಚಕ್ರವೂ ಅದೇ. ವ್ಯತ್ಯಾಸ ಮೇಲೆ ಕೂತವನ ಭಾರದ್ದು ಮಾತ್ರ. ಭಾರ ಬಿದ್ದಾಗ ಮಾತ್ರ ಮಾತಾಡುವ ಜಾಗ ಚಕ್ರದಲ್ಲಿ ಒಂದೇ ಇದೆ, ಹಬ್ಬಿನ ಒಳಗೆ ಗುಂಡುಗಳು ಕೂರುವ ಜಾಗ. ಸುಮ್ಮನೆ ತಿರುಗಿಸಿದಾಗ ಅದು ಬಾಯಿ ಮುಚ್ಚಿಕೊಂಡಿರುತ್ತದೆ. ಅವನು ರಸ್ತೆಯ ಬದಿಗೆ ಕೂತುಬಿಟ್ಟ. ಸದ್ದು ಸಿಕ್ಕಿತ್ತು, ಆದರೆ ಸಿಕ್ಕಬಾರದ ಕಡೆ ಸಿಕ್ಕಿತ್ತು.

ಕುಕ್ಕರುಗಾಲಿನಲ್ಲಿ ಕೂತು ಹಬ್ಬನ್ನು ದಿಟ್ಟಿಸಿದ. ಅದರ ನೆತ್ತಿಯಲ್ಲಿ ಎಣ್ಣೆ ಬಿಡುವ ಸಣ್ಣ ತೂತು ಇರುತ್ತದೆ, ಅದರ ಮೇಲೆ ತಗಡಿನ ಕ್ಲಿಪ್ಪು. ಕಟ್ಟುವಾಗ ಕ್ಲಿಪ್ಪನ್ನು ತೂತಿನ ಮೇಲೆ ಸರಿಯಾಗಿ ಕೂರಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಈಗ ಕ್ಲಿಪ್ಪು ಪಕ್ಕಕ್ಕೆ ಸರಿದಿತ್ತು, ತೂತು ಬಾಯಿ ತೆರೆದಿತ್ತು. ಯಾರೋ ಅದನ್ನು ಬಲವಾಗಿ ಉಜ್ಜಿದ್ದಾರೆ. ಯಾಕೆ ಉಜ್ಜಿದರು ಎಂಬುದು ಮಾತ್ರ ತಿಳಿಯಲಿಲ್ಲ.

ಮಧ್ಯಾಹ್ನ ಸಂತೆಯ ಜನ ಬೀದಿಯಲ್ಲಿ ತುಂಬಿದ್ದಾಗ ಅವನು ಈಶ್ವರಯ್ಯನವರನ್ನು ಕರೆದ. ಅವರು ಜಗಲಿಗೆ ಕುರ್ಚಿ ಹಾಕಿಸಿಕೊಂಡು ಕೂತರು. ಚಂದ್ರಶೇಖರಯ್ಯ ನಿಂತೇ ಇದ್ದರು. ಸುತ್ತ ಜನ ಕೂಡಿತು. ಬೈರಯ್ಯ ನೆಲದ ಮೇಲೆ ಒಗೆದ ಪಂಚೆ ಹಾಸಿದ, ಬಿದ್ದದ್ದು ಎಲ್ಲರಿಗೂ ಕಾಣಲಿ ಎಂದು. ಅಂಗಿಯ ತೋಳು ಮಡಚಿ ಎರಡೂ ಅಂಗೈಗಳನ್ನು ಬಿಡಿಸಿ ತೋರಿಸಿದ.

"ಸದ್ದು ಹಬ್ಬಿಂದ್ಲೇ ಬತ್ತಿರೋದು ಸಾ. ನಾನೇ ಕಟ್ಟಿರೋ ಹಬ್ಬು. ನಿಮ್ಮ ಮುಂದೇನೇ ಬಿಚ್ತೀನಿ."

ನಟ್ಟು ಸಡಿಲಿಸಿದ. ಗುಂಡುಗಳನ್ನು ಒತ್ತಿ ಹಿಡಿಯುವ ಉಕ್ಕಿನ ಬಿಲ್ಲೆ, ಕೋನು, ತಿರುಗಿಸಿ ಹೊರತೆಗೆದ. ಜೇನಿನ ಬಣ್ಣದ ಗ್ರೀಸು ಇರಬೇಕಾದಲ್ಲಿ ಕಪ್ಪು ಬೂದು ಬಣ್ಣದ ಕೆಸರಿತ್ತು. ಅದರೊಳಗಿಂದ ಗುಂಡುಗಳು ಪಂಚೆಯ ಮೇಲೆ ಉದುರಿದವು. ಒಂದೊಂದರ ಮೈಯೂ ಸಿಡುಬು ಬಂದಂತೆ ಕುಳಿಬಿದ್ದಿತ್ತು, ತುಕ್ಕು ಹಿಡಿದಿತ್ತು. ಒಂದು ಎರಡು ಹೋಳಾಗಿತ್ತು.

"ನೋಡಿ, ಇವು ನಾಟಿ ಗುಂಡಲ್ಲದೆ ಇನ್ನೇನು?" ಎಂದರು ಚಂದ್ರಶೇಖರಯ್ಯ.

"ನಾಟಿ ಗುಂಡಾಗಿದ್ರೆ ಗುಂಡು ಮಾತ್ರ ಸವೀತಿತ್ತು ಸಾ. ಇದು ನೋಡಿ." ಬೈರಯ್ಯ ಕೋನನ್ನು ಎತ್ತಿ ಹಿಡಿದ. ಅದರ ಮೈಯಲ್ಲೂ ಉಗುರಿನಿಂದ ಗೀರಿದಂಥ ಸಾಲುಗಳಿದ್ದವು. "ಇದು ಇಂಗ್ಲೆಂಡಿಂದೇ. ಇದ್ರ ಮೇಲೆ ಕಂಪನಿ ಗುರುತೈತೆ. ಇದೂ ಸವ್ದೋಗೈತೆ. ಒಳಗೆ ಏನೋ ಸೇರ್ಕಂಡು ಎರಡನ್ನೂ ಅರೆದಾಕೈತೆ."

ಕೆಸರನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿದ. ಮಣ್ಣಲ್ಲ, ಮರಳೂ ಅಲ್ಲ. ಮೂಗಿಗೆ ಹಿಡಿದ. ಅದರಲ್ಲಿ ಕೂದಲೆಳೆಯಂಥದ್ದೊಂದು ಸಿಕ್ಕಿತು. ಎಳೆದು ಪಂಚೆಗೆ ಒರೆಸಿದಾಗ ಅದು ಹುಣಸೆಹಣ್ಣಿನ ನಾರು. ಕೆಸರು ಒಲೆಯ ಬೂದಿ.

ಹಿತ್ತಾಳೆ ಪಾತ್ರೆ ಬೆಳಗುವ ಸಾಮಾನು ಇದು, ಯಾವ ಆಳೋ ಹೊಳಪು ಬರಲಿ ಎಂದು ತಿಕ್ಕಿರಬೇಕು ಎಂದು ಮೊದಲು ಅನ್ನಿಸಿತು. ಆಮೇಲೆ ಅವನ ಕಣ್ಣು ಸೈಕಲ್ಲಿನ ಉಳಿದ ಭಾಗಕ್ಕೆ ಹೋಯಿತು. ಹ್ಯಾಂಡಲ್ಲಿನ ಸಂದಿಯಲ್ಲಿ ಒಣಗಿದ ಬೂದಿ. ಸೀಟಿನ ಕೆಳಗೆ ಬೂದಿ. ಪೆಡಲಿನ ಮೂಲೆಯಲ್ಲಿ, ಕಣ್ಣಿಗೆ ಬೀಳದ ಕಬ್ಬಿಣದ ಕಂಬಿಗಳ ಸಂದಿಯಲ್ಲಿ, ಅವನ ಕೈ ಎಲ್ಲೆಲ್ಲಿ ಆಡಿತ್ತೋ ಅಲ್ಲೆಲ್ಲ ಬೂದಿ. ಹೊಳಪಿಗಾಗಿ ಯಾರೂ ಸೀಟಿನ ಕೆಳಗೆ ಉಜ್ಜುವುದಿಲ್ಲ. ಕೇರಿಯವರ ಕೈ ತಾಗಿದ ಚೊಂಬನ್ನು ಊರಿನವರು ಹೀಗೆ ಹುಣಸೆಹಣ್ಣು ಬೂದಿ ಹಾಕಿ ಉಜ್ಜಿ, ನೀರು ಹೊಯ್ದು, ಆಮೇಲೆ ಒಳಕ್ಕೆ ತೆಗೆದುಕೊಳ್ಳುವುದನ್ನು ಅವನು ಹುಟ್ಟಿದಾಗಿನಿಂದ ಕಂಡಿದ್ದ.

ಅಷ್ಟರಲ್ಲಿ ಚಂದ್ರಶೇಖರಯ್ಯ, "ಬೂದಿ ಇವನೇ ತುಂಬಿರಬೇಕು, ತಪ್ಪಿಸ್ಕೊಳ್ಳೋಕೆ" ಎಂದರು. ಜನರಲ್ಲಿ ಒಬ್ಬಿಬ್ಬರು ತಲೆಯಾಡಿಸಿದರು. ಇನ್ನು ಸುಮ್ಮನಿದ್ದರೆ ಅಂಗಡಿ ಹೋಗುತ್ತದೆ, ಮಾತಾಡಿದರೂ ಹೋಗಬಹುದು.

"ಪೂಜೆಗೆ ಮುಂಚೆ ಮನೇಲಿ ಯಾರಾರಾ ಇದನ್ನ ತೊಳೆದ್ರಾ ಸಾ?" ಎಂದು ಕೇಳಿದ.

ಈಶ್ವರಯ್ಯ ಕೆಳಗಿನ ಪಂಚೆಯನ್ನು ನೋಡುತ್ತಿದ್ದವರು ಬೀದಿಯ ಕಡೆಗೆ ತಿರುಗಿದರು. "ಸೈಕಲ್ಲನ್ನ ಯಾರಯ್ಯ ಹುಣಸೆಹಣ್ಣಲ್ಲಿ ತೊಳೀತಾರೆ?" ಎಂದರು.

"ನಾನು ತೊಳೆದೆ."

ಬಾಗಿಲಲ್ಲಿ ಈಶ್ವರಯ್ಯನವರ ತಾಯಿ ನೀಲಗಂಗಮ್ಮ ನಿಂತಿದ್ದರು. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು. ಬೇಸಿಗೆಯಲ್ಲಿ ಬೈರಯ್ಯನ ಬೊಗಸೆಗೆ ಮೇಲಿನಿಂದ ಮಜ್ಜಿಗೆ ಹೊಯ್ಯುತ್ತಿದ್ದವರು ಅವರೇ. ಅವರ ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಕೋಪವೂ ಇರಲಿಲ್ಲ.

"ಅವನು ಮುಟ್ಟಿ ಬಿಚ್ಚಿ ಕಟ್ಟಿದ ಸಾಮಾನು. ತೊಳೀದೆ ದೇವರ ಮುಂದೆ ನಿಲ್ಸೋಕಾಯ್ತದಾ? ನೀರು ಒಳಕ್ಕೆ ಇಳೀತದೆ ಅಂತ ನನಗೇನು ಗೊತ್ತು. ಆ ಹುಡುಗ ಏನೂ ಕದ್ದಿಲ್ಲ, ಇಲ್ಲದ ಮಾತು ಹೇಳ್ಬೇಡಿ." ಅಷ್ಟು ಹೇಳಿ ಒಳಗೆ ಹೋದರು.

"ಅಯ್ಯೋ, ಇಷ್ಟೇನಾ" ಎಂದು ಯಾರೋ ನಕ್ಕರು. ಜನ ಸಂತೆಯ ಕಡೆಗೆ ಕರಗಿತು. ಚಂದ್ರಶೇಖರಯ್ಯ ಎಲೆ ಉಗಿಯಲು ಎದ್ದು ಹೋದರು. ಬೈರಯ್ಯನಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಕಳ್ಳ ಅಲ್ಲ ಎಂದಾಯಿತು, ಅಂಗಡಿ ಉಳಿಯಿತು ಎಂದು ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರು ತನ್ನ ಕಿವಿಗೇ ಕೇಳಿಸಿದಾಗ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ನಿನ್ನ ಕೈ ತೊಳೆಯಬೇಕಾದ ಕೊಳೆ ಎಂದು ಬೀದಿಯ ನಡುವೆ ಹೇಳಿದ್ದಾರೆ, ಅದನ್ನು ಕೇಳಿ ಹಾಯೆನಿಸಿದೆಯಲ್ಲ.

ಈಶ್ವರಯ್ಯ ಮೆಟ್ಟಿಲಿಳಿದು ಹತ್ತಿರ ಬಂದರು. "ಅಮ್ಮ ಹಳೇ ಕಾಲದವರು ಬೈರಯ್ಯ," ಎಂದರು. ಬೈರ ಎನ್ನಲಿಲ್ಲ. "ಮನಸ್ಸಿಗೆ ಹಚ್ಕೋಬೇಡ. ಇದೆಲ್ಲ ಅವರ ಕಾಲಕ್ಕೆ ಮುಗೀತು ಅಂತ ತಿಳ್ಕೋ."

ಬೈರಯ್ಯ ಆ ಮಾತನ್ನು ನಂಬಿದ. ನಂಬದೆ ಆ ತಗಡಿನ ಕೆಳಗೆ ಕೂರುವುದು ಕಷ್ಟವಿತ್ತು.

ಹಾಸನದಿಂದ ಹೊಸ ಗುಂಡು, ಕೋನು ತರಿಸಿ ಮತ್ತೆ ಕಟ್ಟಿದ. ಕಟ್ಟಿದ ಮೇಲೆ ಒಂದು ಕೆಂಪು ಬಟ್ಟೆಯ ಪಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ಹಬ್ಬಿಗೆ ಬಿಗಿಯಾಗಿ ಸುತ್ತಿದ. ಸೈಕಲ್ಲನ್ನು ತಾನೇ ಬಾಗಿಲವರೆಗೆ ತಳ್ಳಿಕೊಂಡು ಹೋಗಿ, "ಅಮ್ಮಾವ್ರೆ" ಎಂದು ಕರೆದ.

"ಮುಂದಿನ ವರ್ಸ ತೊಳಿಯೋವಾಗ ಈ ಬಟ್ಟೆ ಬಿಚ್ಬ್ಯಾಡಿ. ಇದ್ರ ಮೇಲೇ ನೀರು ಉಯ್ಯಿರಿ. ಒಳಕ್ಕೆ ಇಳಿಯಾಕಿಲ್ಲ, ಸದ್ದೂ ಬರಾಕಿಲ್ಲ."

"ಆಗ್ಲಿ ಕಣಪ್ಪ, ಒಳ್ಳೇದೇ ಮಾಡ್ದೆ," ಎಂದರು ನೀಲಗಂಗಮ್ಮ, ಮನಸಾರೆ.

ಬಟ್ಟೆ ಎಲ್ಲಿಯದೆಂದು ಯಾರೂ ಕೇಳಲಿಲ್ಲ. ಅದು ಮಾಯಮ್ಮನ ಹಳೆಯ ಸೀರೆಯ ಅಂಚು. ಸಂಜೆ ವಿಷಯ ತಿಳಿದಾಗ ಅವಳು ಮೊದಲು ರೇಗಿದಳು. ಆಮೇಲೆ, "ನನ್ನ ಬಿಡ್ದಿದ್ರೆ ಬ್ಯಾಡ, ನನ್ನ ಸೀರೆನಾದ್ರೂ ದ್ಯಾವ್ರ ಮನೆ ಸೇರ್ತಲ್ಲ ಬುಡು" ಎಂದು ನಕ್ಕಳು. ಬೈರಯ್ಯನಿಗೂ ಬಹಳ ದಿನದ ಮೇಲೆ ನಗು ಬಂತು.

ಆಮೇಲಿನ ವರ್ಷಗಳಲ್ಲಿ ಕೆಂಪು ಪಟ್ಟಿ ಪೇಟೆಗೆಲ್ಲ ಹರಡಿತು. ಈಶ್ವರಯ್ಯನವರ ಚಕ್ರದಲ್ಲಿ ಕಂಡವರು, ಧೂಳಿಗೆ ಒಳ್ಳೆಯದಂತೆ, ಪೂಜೆಗೆ ಲಕ್ಷಣವಂತೆ ಎಂದು ತಾವೂ ಸುತ್ತಿಸಿಕೊಂಡರು. ಹಬ್ಬ ಕಳೆದ ಮೇಲೆ ಪಟ್ಟಿ ಬದಲಿಸಲು ಬರುತ್ತಿದ್ದರು. ಬಿಚ್ಚಿ ನೋಡಿದರೆ ಕೆಲವರ ಪಟ್ಟಿಯಲ್ಲಿ ಬರಿಯ ಎಣ್ಣೆ ಜಿಡ್ಡು, ಕೆಲವರ ಪಟ್ಟಿಯಲ್ಲಿ ಬೂದಿ. ಯಾವ ಮನೆಯ ಹಿತ್ತಿಲಲ್ಲಿ ಏನು ನಡೆಯುತ್ತದೆ ಎಂಬುದು ಅವನಿಗೆ ಅಂಗಡಿಯಲ್ಲಿ ಕೂತೇ ತಿಳಿಯುತ್ತಿತ್ತು. ನಗುನಗುತ್ತಾ ಹೆಗಲ ಮೇಲೆ ಕೈಯಿಡುವವರ ಪಟ್ಟಿಯಲ್ಲಿ ಬೂದಿ ಸಿಕ್ಕಿದ್ದುಂಟು, ಸಿಡುಕು ಮೋರೆಯವರ ಪಟ್ಟಿ ಸ್ವಚ್ಛವಾಗಿದ್ದದ್ದೂ ಉಂಟು. ಅವನು ಯಾರಿಗೂ ಏನೂ ಹೇಳಲಿಲ್ಲ. ಈಶ್ವರಯ್ಯನವರ ಪಟ್ಟಿಯಲ್ಲಿ ವರ್ಷವೂ ಬೂದಿ ಇರುತ್ತಿತ್ತು. ಅಮ್ಮ ಹಳೇ ಕಾಲದವರು ಎಂದುಕೊಂಡು ಹೊಸದು ಸುತ್ತುತ್ತಿದ್ದ.

ಅರವತ್ತರ ದಶಕ ಶುರುವಾಗಿ ಒಂದೆರಡು ಮಳೆಗಾಲ ಕಳೆದ ಮೇಲೆ ನೀಲಗಂಗಮ್ಮ ಲಿಂಗೈಕ್ಯರಾದರು. ಬೈರಯ್ಯ ನಿಜವಾಗಿಯೇ ಅತ್ತ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಅವನ ಹೆಸರು ಉಳಿಸಿದ ಹೆಂಗಸು ಆಕೆ. ಅಷ್ಟು ಹೊತ್ತಿಗೆ ಈಶ್ವರಯ್ಯ ಪುರಸಭೆಯ ಮೆಂಬರಾಗಿದ್ದರು.

ಆ ವರ್ಷದ ಆಯುಧಪೂಜೆ ಕಳೆದು ಈಶ್ವರಯ್ಯನವರ ಸೈಕಲ್ಲು ಪಂಕ್ಚರಿಗೆ ಬಂತು. ಅವರೇ ತಂದಿದ್ದರು. "ಅಮ್ಮ ಇಲ್ಲದ ಮನೆ ಬಿಕೋ ಅನ್ಸುತ್ತೆ ಬೈರಯ್ಯ," ಎನ್ನುತ್ತಾ ಪಕ್ಕದಲ್ಲಿ ನಿಂತರು. ಬೈರಯ್ಯ ಪಂಕ್ಚರ್ ಹಾಕಿ ಮುಗಿಸಿದ. ಪಟ್ಟಿಯ ಗಂಟಿಗೆ ಕೈಯಿಟ್ಟ. ಈ ಸಲ ಪಟ್ಟಿಯಲ್ಲಿ ಬೂದಿ ಇಲ್ಲದಿರಲಿ ಎಂದು ಅವನು ಎಷ್ಟು ಆಸೆಪಟ್ಟಿದ್ದ ಎಂಬುದು ಅವನಿಗೂ ಆಗಲೇ ಗೊತ್ತಾದದ್ದು.

ಗಂಟು ಬಿಚ್ಚಿದ. ಬೂದಿ ಉದುರಿತು. ಬಟ್ಟೆಯ ಮಡಿಕೆಯಲ್ಲಿ ಹುಣಸೆಹಣ್ಣಿನ ನಾರು ಇನ್ನೂ ಹಸಿಯಾಗಿತ್ತು.

ಪಟ್ಟಿಯನ್ನು ಅಂಗೈಯಲ್ಲಿ ಬಿಡಿಸಿ ಈಶ್ವರಯ್ಯನವರ ಮುಂದೆ ಹಿಡಿದ. ಅವರು ನೋಡಿದರು. ಅಂದು ಜಗಲಿಯ ಮೇಲೆ ಕೂತು ತಿರುಗಿದ್ದ ಹಾಗೆಯೇ ಬೀದಿಯ ಕಡೆಗೆ ಮುಖ ತಿರುಗಿಸಿದರು. ಬೈರಯ್ಯನಿಗೆ ಇಷ್ಟು ವರ್ಷ ಕೇಳಿಸದ ಸದ್ದು ಆಗ ಕೇಳಿಸಿತು. "ಯಾರಯ್ಯ ತೊಳೀತಾರೆ" ಎಂದಾಗಲೂ ಅವರಿಗೆ ಗೊತ್ತಿತ್ತು.

ಅವನು ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಚಕ್ರವನ್ನು ಏರಿಸಿ, ನಟ್ಟು ಬಿಗಿದು, ಎಣ್ಣೆ ತೂತಿನ ಕ್ಲಿಪ್ಪನ್ನು ಸರಿಯಾಗಿ ಕೂರಿಸಿ ಸೈಕಲ್ಲನ್ನು ಮುಂದಕ್ಕೆ ತಳ್ಳಿದ.

"ಬಟ್ಟೆ ಸುತ್ತಲಿಲ್ಲವಲ್ಲ," ಎಂದರು ಈಶ್ವರಯ್ಯ.

"ಇನ್ಮ್ಯಾಕೆ ಸುತ್ತಾಕಿಲ್ಲ. ತೊಳೆದ್ರೆ ಸದ್ದು ಬತ್ತದೆ. ಬರ್ಲಿ." ಸಾ ಎನ್ನಲಿಲ್ಲ. "ಅಂಗಡಿ ಬುಟ್ಟು ಓಗು ಅಂದ್ರೂ ಓಯ್ತೀನಿ."

ಹೋಗು ಎಂದು ಅವರು ಹೇಳಲಿಲ್ಲ. ಬೈರಯ್ಯ ಆ ತಗಡಿನ ಕೆಳಗೇ ಉಳಿದ. ಮುಂದಿನ ವರ್ಷದ ದೀಪಾವಳಿಯ ಹೊತ್ತಿಗೆ ಗಡಗಡ ಮತ್ತೆ ಶುರುವಾಯಿತು. ಅದನ್ನು ಸರಿಮಾಡಿಸಲು ಈಶ್ವರಯ್ಯ ಬೇರೆಲ್ಲಿಗಾದರೂ ಹೋಗಬಹುದಿತ್ತು, ಹೋಗಲಿಲ್ಲ. ಇವನ ಹತ್ತಿರವೂ ಬರಲಿಲ್ಲ. ಪೇಟೆ ಬೀದಿಯ ಆ ತುದಿಯಿಂದ ಹಿಂದಿನ ಚಕ್ರ ಗಡಗಡ ಎನ್ನುತ್ತಾ ಬರುತ್ತಿತ್ತು. ಬೈರಯ್ಯ ಕೈಯಲ್ಲಿದ್ದ ಟ್ಯೂಬಿನಿಂದ ತಲೆ ಎತ್ತುತ್ತಿರಲಿಲ್ಲ. ಅಂಗಡಿ ಹತ್ತಿರವಾಗುತ್ತಿದ್ದಂತೆ ಸದ್ದು ನಿಲ್ಲುತ್ತಿತ್ತು. ಅಲ್ಲಿ ಈಶ್ವರಯ್ಯ ಸೈಕಲ್ಲಿನಿಂದ ಇಳಿದು, ಅವನ ಅಂಗಡಿ ದಾಟುವವರೆಗೂ ತಳ್ಳಿಕೊಂಡು ನಡೆಯುತ್ತಿದ್ದರು.